ಕನ್ನಡ ಕಾದಂಬರಿಯಲ್ಲಿ ಬಾಲವಿಧವೆಯ ದನಿ

ಹದಿಹರೆಯದ ಹೆಣ್ಣಿನ ಸಂಕಟವನ್ನು ಚಿತ್ರಿಸುವಲ್ಲಿ ಕನ್ನಡ ಕಾದಂಬರಿ ಹಿಂದುಳಿದಿಲ್ಲ. ಆದರೆ ಆಕೆ ಆ ಸಂಕಟವನ್ನು ಯಾವ ವಯಸ್ಸಿನಲ್ಲಿ ನುಡಿಯುತ್ತಾಳೆಂಬ ಪ್ರಶ್ನೆಯನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' (1899) ನಮ್ಮ ಕರಾವಳಿಯ ಕೃತಿ. ಎಳೆಹರೆಯದಲ್ಲಿ ವಿಧವೆಯಾದ ಇಂದಿರೆ, ತಾಯ್ತಂದೆಯರು ನಂಬಿದ ಕಪಟ ಸಂತರಿಂದ ಪಾರಾಗಲು ಮನೆಯನ್ನೇ ತೊರೆಯುತ್ತಾಳೆ. ಅಮೃತರಾಯನ ಆಶ್ರಯದಲ್ಲಿ ವಿದ್ಯೆ ಕಲಿತು ಭಾಸ್ಕರರಾಯನನ್ನು ವರಿಸುತ್ತಾಳೆ. ಲೇಖಕರ ಸುಧಾರಣೋತ್ಸಾಹವು ಪಾತ್ರದ ಅಂತರಂಗವನ್ನು ಮರೆಮಾಡುತ್ತದೆಂಬುದು ನಿಜ. ಆದರೂ ಹೊಸ್ತಿಲು ದಾಟುವ ನಿರ್ಧಾರ ಹುಡುಗಿಯದೇ.

ಕೋಟದ ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' (1968), ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (1976) — ಇವೆರಡೂ ಕಲೆಗಾರಿಕೆಯಲ್ಲಿ ಅದನ್ನು ಬಹುದೂರ ಮೀರಿವೆ. ಆದರೆ ಬಾಲವಿಧವೆಯಾದ ಮೂಕಜ್ಜಿ ಮೊಮ್ಮಗ ಸುಬ್ಬರಾಯನೊಡನೆ ಮನಬಿಚ್ಚಿ ಮಾತನಾಡುವುದು ಮುಪ್ಪಿನಲ್ಲಿ. ಫಣಿಯಮ್ಮ ತನ್ನ ಕೇಶಮುಂಡನವನ್ನು ಮೌನದಿಂದ ಸಹಿಸುತ್ತಾಳೆ. ಬಹುಕಾಲದ ತರುವಾಯ ದಾಕ್ಷಾಯಣಿಯೆಂಬ ಕಿರಿಯ ವಿಧವೆ ಅದನ್ನು ನಿರಾಕರಿಸಿದಾಗ ಆಕೆಯ ಪರವಾಗಿ ನಿಲ್ಲುತ್ತಾಳೆ.

ಬಾಲೆಯ ನೋವಿಗೆ ಮಾತು ದೊರೆಯಲು ಮುಪ್ಪು ಬರಬೇಕಾಯಿತು. ಇದು ಲೇಖಕರ ದೋಷವಲ್ಲ. ಹರೆಯದ ಹೆಣ್ಣಿನ ಮಾತಿಗೆ ಮನ್ನಣೆಯೀಯದ ಸಮಾಜದ ಯಥಾರ್ಥ ಚಿತ್ರ.

ಉದ್ಯಾವರ, ಕಾಪು, ಕಾರ್ಕಳಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿನಿಯರು ಬಹುಮಟ್ಟಿಗೆ ಇಂದಿರೆಯ ವಯಸ್ಸಿನವರೇ. 'ಇಂದಿರಾಬಾಯಿ'ಯನ್ನು ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಿಸಿ ಅಂಕ ಗಳಿಸಿದರೆ ಸಾಲದು. ಆಕೆ ಮನೆಬಿಟ್ಟು ಹೊರಡುವಾಗ ಆಡದೆ ಉಳಿದ ಮಾತೇನೆಂದು ಅಧ್ಯಾಪಕರು ತರಗತಿಯಲ್ಲಿ ಕೇಳಬೇಕು. ಆ ಉತ್ತರದಿಂದಲೇ ಮುಂದಿನ ಕಾದಂಬರಿ ಹುಟ್ಟಬಹುದೆಂದು ನಾವು ನಂಬುತ್ತೇವೆ.