ಶುಚಿಕಾರಕ ತಂತ್ರಾಂಶ ಮತ್ತು ಅಪೂರ್ಣ ವ್ಯವಸ್ಥೆ: ಒಂದು ವಿಮರ್ಶೆ

ಗಣಕಯಂತ್ರವನ್ನು ಶುಚಿಗೊಳಿಸುವೆವೆಂದು ಹೊರಟಿರುವ ತಂತ್ರಾಂಶಗಳ ವಿಷಯವಾಗಿ ಈ ಸಂಚಿಕೆಯಲ್ಲಿ ಬರೆಯುವುದು ಕೆಲವು ವಾಚಕರಿಗೆ ಅಪ್ರಸ್ತುತವೆನಿಸಬಹುದು. ಆದರೆ ಯಾವುದು ಕಸ, ಯಾವುದು ಮೂಲ ಎಂಬ ವಿವೇಚನೆಯೇ ಗ್ರಂಥಸಂಪಾದನೆಯ ಮೊದಲ ಪಾಠವಾಗಿರುವುದರಿಂದಲೂ, ಆ ವಿವೇಚನೆಯನ್ನು ಯಂತ್ರಕ್ಕೆ ಒಪ್ಪಿಸಿ ನಿಶ್ಚಿಂತರಾಗುವ ಅಭ್ಯಾಸ ವಿದ್ವಾಂಸರಲ್ಲಿಯೂ ಕಾಣುತ್ತಿರುವುದರಿಂದಲೂ, ಕೆಲವು ಮಾತುಗಳನ್ನು ಹೇಳುವುದು ಯುಕ್ತವೆಂದು ಭಾವಿಸಿದ್ದೇವೆ. ಅದರಲ್ಲಿಯೂ, ಇನ್ನೂ ಬಿಡುಗಡೆಯಾಗದೆ ಪರೀಕ್ಷಾರ್ಥವಾಗಿ ಹಂಚಲ್ಪಟ್ಟ ಕಾರ್ಯಾಚರಣ ವ್ಯವಸ್ಥೆಯ ಮೇಲೆ ಇವನ್ನು ಪ್ರಯೋಗಿಸುವುದು ಸರಿಯೇ ಎಂಬುದು ಇಲ್ಲಿ ನಮ್ಮ ಮುಖ್ಯ ಪ್ರಶ್ನೆ.

ಈ ತಂತ್ರಾಂಶಗಳು ನಿಷ್ಕಾರಣವಾಗಿ ಹುಟ್ಟಿದವುಗಳಲ್ಲ. 1992ರ ವಿಂಡೋಸ್ 3.1ರಲ್ಲಿ ಸಣ್ಣ ರೂಪದಲ್ಲಿ ಕಾಣಿಸಿಕೊಂಡು, 1995ರ ವಿಂಡೋಸ್ 95ರಲ್ಲಿ ವ್ಯವಸ್ಥೆಯ ನಡುಮನೆಯಾದ ‘ರಿಜಿಸ್ಟ್ರಿ’ ಎಂಬ ದಾಖಲೆಯಲ್ಲಿ ಪ್ರತಿಯೊಂದು ತಂತ್ರಾಂಶವೂ ತನ್ನ ವಿಳಾಸವನ್ನು ಬರೆದಿಡುತ್ತದೆ. ಹೊರಟುಹೋಗುವಾಗ ಅದನ್ನು ಅಳಿಸಿಹೋಗುವ ಸೌಜನ್ಯ ಎಲ್ಲಕ್ಕೂ ಇರುವುದಿಲ್ಲ. ಡಿಸ್ಕುಗಳು ಚಿಕ್ಕವಾಗಿದ್ದ ಕಾಲದಲ್ಲಿ ಗುಡಿಸುವವರ ಅಗತ್ಯವೂ ಇತ್ತು. ಮೈಕ್ರೋಸಾಫ್ಟ್ ಸಂಸ್ಥೆಯೇ ರೆಗ್‌ಕ್ಲೀನ್ ಎಂಬ ಸಾಧನವನ್ನು ಹಂಚಿ, ಬಳಿಕ ಹಿಂತೆಗೆದುಕೊಂಡಿತು. ಲಂಡನ್ನಿನ ಪಿರಿಫಾರ್ಮ್ ಸಂಸ್ಥೆಯ ಸಿಕ್ಲೀನರ್ 2003ರಲ್ಲಿ ಹೊರಬಂದು ಲೋಕಪ್ರಸಿದ್ಧವಾಯಿತು. ರಿಜಿಸ್ಟ್ರಿಯನ್ನು ಶುಚಿಗೊಳಿಸುವ ಸಾಧನಗಳನ್ನು ತಾನು ಬೆಂಬಲಿಸುವುದಿಲ್ಲವೆಂದೂ, ಅವುಗಳಿಂದಾಗುವ ಹಾನಿಗೆ ತಾನು ಹೊಣೆಯಲ್ಲವೆಂದೂ ಮೈಕ್ರೋಸಾಫ್ಟ್ ಆಮೇಲೆ ಸ್ಪಷ್ಟವಾಗಿ ಸಾರಿತು.

ಇವುಗಳ ವಿಚಾರಣಾಕ್ರಮವನ್ನು ಪರಾಂಬರಿಸಿ ನೋಡಬೇಕು. ರಿಜಿಸ್ಟ್ರಿಯ ಒಂದು ನಮೂದು ‘ಇಂಥ ಕಡತ ಇಂಥ ಸ್ಥಳದಲ್ಲಿದೆ’ ಎಂದು ಹೇಳುತ್ತದೆ. ಶುಚಿಕಾರಕವು ಆ ಸ್ಥಳಕ್ಕೆ ಹೋಗಿ ನೋಡುತ್ತದೆ. ಕಡತ ಕಾಣದಿದ್ದರೆ ನಮೂದು ಅಸಿಂಧುವೆಂದು ತೀರ್ಪುಕೊಡುತ್ತದೆ. ಕಡತ ಏಕಿಲ್ಲ, ಇನ್ನು ಮುಂದೆ ಬರಲಿದೆಯೇ, ಈ ನಮೂದನ್ನು ಮತ್ತೆ ಯಾರಾದರೂ ನೋಡುತ್ತಾರೆಯೇ ಎಂಬ ಪ್ರಶ್ನೆಗಳನ್ನು ಅದು ಕೇಳುವುದಿಲ್ಲ. ಹಸ್ತಪ್ರತಿಗಳ ಪರಿಚಯವುಳ್ಳವರಿಗೆ ಈ ಬಗೆಯ ತೀರ್ಪು ಹೊಸದಲ್ಲ. ೞಕಾರ ಬಳಕೆ ತಪ್ಪಿದ ಮೇಲಿನ ಲಿಪಿಕಾರರು ಹಳೆಯ ಓಲೆಯಲ್ಲಿದ್ದ ೞಕಾರವನ್ನು ಕಂಡಲ್ಲೆಲ್ಲ ಳಕಾರವಾಗಿ ‘ತಿದ್ದಿ’ದರು. ಅದರಿಂದ ‘ಬದುಕು’ ಎಂಬರ್ಥದ ಬಾೞ್ ಶಬ್ದವೂ ‘ಕತ್ತಿ’ ಎಂಬರ್ಥದ ಬಾಳ್ ಶಬ್ದವೂ ಒಂದೇ ಆಗಿಹೋದುವು, ಪ್ರಾಸ ಕೆಟ್ಟಿತು, ಕಾಲನಿರ್ಣಯಕ್ಕಿದ್ದ ಒಂದು ಸಾಕ್ಷ್ಯವೂ ನಷ್ಟವಾಯಿತು. ಲಿಪಿಕಾರನ ಉದ್ದೇಶ ಕೆಟ್ಟದ್ದೆಂದು ಯಾರೂ ಹೇಳುವುದಿಲ್ಲ. ತನಗೆ ತಿಳಿಯದ್ದು ತಪ್ಪಾಗಿರಲೇಬೇಕೆಂದು ಅವನು ಎಣಿಸಿದ, ಅಷ್ಟೆ.

ಪೂರ್ಣಗೊಂಡ ವ್ಯವಸ್ಥೆಯಲ್ಲಿ ಈ ಎಣಿಕೆ ಎಷ್ಟೋ ವೇಳೆ ನಿಜವಾಗಬಹುದು. ಅಪೂರ್ಣವಾದುದರಲ್ಲಿ ಅದಕ್ಕೆ ಆಧಾರವೇ ಇಲ್ಲ. 2014ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಪರೀಕ್ಷಾವೃತ್ತಿಗಳನ್ನು ಸಾರ್ವಜನಿಕರಿಗೆ ಹಂಚುವ ‘ಇನ್‌ಸೈಡರ್’ ಯೋಜನೆ ಆರಂಭವಾಯಿತು. ಪೂರ್ಣ ಆವೃತ್ತಿ ಬಂದದ್ದು 2015ರ ಜುಲೈ 29ರಂದು. ಇಂಥ ಪರೀಕ್ಷಾವೃತ್ತಿಗಳಲ್ಲಿ ಅರ್ಧ ಕಟ್ಟಿದ ಭಾಗಗಳಿರುತ್ತವೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುತ್ತಿರುವ ಕಡತಗಳಿರುತ್ತವೆ. ಶುಚಿಕಾರಕದ ನಿಯಮಗಳಾದರೋ ಹಿಂದೆ ಬಿಡುಗಡೆಯಾದ ವ್ಯವಸ್ಥೆಯನ್ನು ನೋಡಿ ಬರೆದವು. ಕಟ್ಟುತ್ತಿರುವ ಮನೆಯ ಸಾರವೆಯನ್ನು ಸೌದೆಯೆಂದು ಕೊಂಡೊಯ್ದಂತೆ ಇದು.

ಇನ್ನೂ ಎರಡು ಸಂಗತಿಗಳುಂಟು. ಹೊಸ ಆವೃತ್ತಿಯನ್ನು ಸ್ಥಾಪಿಸಿದಾಗ ಹಳೆಯದು ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಉಗ್ರಾಣದಲ್ಲಿ ಉಳಿಯುತ್ತದೆ; ಹಿಂದಿರುಗುವ ದಾರಿ ಅದೊಂದೇ. ವಿಂಡೋಸ್ 10ರಲ್ಲಿ ಮೊದಲು 30 ದಿನವಿದ್ದ ಈ ಅವಧಿಯನ್ನು 2016ರಲ್ಲಿ 10 ದಿನಕ್ಕೆ ಇಳಿಸಲಾಯಿತು. ಹಲವಾರು ಗಿಗಾಬೈಟುಗಳ ಈ ಉಗ್ರಾಣ ಶುಚಿಕಾರಕದ ಕಣ್ಣಿಗೆ ದೊಡ್ಡ ಕಸದ ರಾಶಿಯಾಗಿ ಕಾಣುವುದು ಸಹಜ. ಎರಡನೆಯದು ನಮ್ಮ ದೃಷ್ಟಿಯಲ್ಲಿ ಇನ್ನೂ ಗುರುತರವಾದದ್ದು. ವ್ಯವಸ್ಥೆ ಕುಸಿದಾಗ ಅದು ಬರೆದಿಡುವ ಸ್ಮೃತಿಪ್ರತಿ, ದೋಷವರದಿ, ದಿನಚರಿ ಕಡತಗಳೂ ಅಳಿಸತಕ್ಕವುಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಸೇರಿರುತ್ತವೆ. ಪರೀಕ್ಷಾವೃತ್ತಿಯನ್ನು ಹಂಚುವುದೇ ಈ ಸಾಕ್ಷ್ಯಗಳಿಗಾಗಿ. ದೋಷ ಕಂಡಿತೆಂದು ವರದಿ ಕಳುಹಿಸಿ, ಅದರ ಪುರಾವೆಯನ್ನು ತಾನೇ ಅಳಿಸಿಹಾಕಿದ ಪರೀಕ್ಷಕನ ಮಾತಿಗೆ ಯಾವ ಬೆಲೆ? ದೋಷ ವ್ಯವಸ್ಥೆಯದೋ ಶುಚಿಕಾರಕದ್ದೋ ಎಂಬುದನ್ನು ಆಮೇಲೆ ಬಿಡಿಸಿ ಹೇಳುವುದೂ ಕಷ್ಟ.

ಹೊರಗಿನವರ ತಂತ್ರಾಂಶವಾದುದರಿಂದ ಹೀಗಾಗುತ್ತದೆ, ವ್ಯವಸ್ಥೆಯನ್ನು ರಚಿಸಿದವರೇ ಶುಚಿಮಾಡಿದರೆ ಅಪಾಯವಿಲ್ಲ ಎಂಬ ವಾದವೊಂದಿದೆ. ಇದನ್ನು ನಾವು ಒಪ್ಪಲಾರೆವು. 2018ರ ಅಕ್ಟೋಬರ್ 2ರಂದು ಬಿಡುಗಡೆಯಾದ ವಿಂಡೋಸ್ 10ರ 1809ನೆಯ ಆವೃತ್ತಿಯ ಚರಿತ್ರೆಯೇ ಇದಕ್ಕೆ ಉತ್ತರ. ‘ಡಾಕ್ಯುಮೆಂಟ್ಸ್’ ಮೊದಲಾದ ಕೋಶಗಳನ್ನು ಬೇರೊಂದು ಡಿಸ್ಕಿಗೆ ತಿರುಗಿಸಿಕೊಂಡಿದ್ದವರಲ್ಲಿ ಕೆಲವರು, ಹಿಂದಿನ ಆವೃತ್ತಿಯ ತರುವಾಯ ಹಳೆಯ ಸ್ಥಳದಲ್ಲಿ ಖಾಲಿ ಜೋಡಿಕೋಶಗಳು ಕಾಣುತ್ತಿವೆಯೆಂದು ದೂರಿದ್ದರು. ಅವನ್ನು ಗುಡಿಸಲೆಂದು ಮೈಕ್ರೋಸಾಫ್ಟ್ ಹೊಸ ಆವೃತ್ತಿಯಲ್ಲಿ ಒಂದು ವಿಧಿಯನ್ನು ಸೇರಿಸಿತು. ಕೋಶವನ್ನು ತಿರುಗಿಸಿದ್ದರೂ ಹಳೆಯ ಕಡತಗಳನ್ನು ಸ್ಥಳಾಂತರಿಸದೆ ಉಳಿಸಿಕೊಂಡಿದ್ದವರೂ ಇದ್ದರು. ಅವರ ಪಾಲಿಗೆ ಆ ಕೋಶ ಖಾಲಿಯಾಗಿರಲಿಲ್ಲ. ವಿಧಿ ಅದನ್ನೂ ಜೋಡಿಯೆಂದೇ ತಿಳಿದು ಕಡತಗಳ ಸಮೇತ ಅಳಿಸಿತು. ಕೆಲವೇ ದಿನಗಳಲ್ಲಿ ಹಂಚಿಕೆಯನ್ನು ನಿಲ್ಲಿಸಬೇಕಾಯಿತು; ಮರುಬಿಡುಗಡೆ ನವೆಂಬರ್ 13ರಂದು. ಕಡತನಷ್ಟದ ವರದಿಗಳು ಸ್ಥಾಪನೆಗಳಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟು ಮಾತ್ರವೆಂದು ಸಂಸ್ಥೆ ತಿಳಿಸಿತು. ತನ್ನ ಪತ್ರಗಳನ್ನೂ ಚಿತ್ರಗಳನ್ನೂ ಕಳೆದುಕೊಂಡ ಆ ಒಬ್ಬನಿಗೆ ಈ ಭಿನ್ನರಾಶಿಯಿಂದೇನು ಸಮಾಧಾನ?

ಇದರಲ್ಲಿ ಗಮನಾರ್ಹವಾದ ಅಂಶವೆಂದರೆ, ಬಿಡುಗಡೆಗೆ ಮುಂಚೆಯೇ ಪರೀಕ್ಷಕರಲ್ಲಿ ಕೆಲವರು ಕಡತನಷ್ಟವನ್ನು ವರದಿಮಾಡಿದ್ದರು. ಆದರೆ ಅನುಮೋದಿಸಿದವರ ಸಂಖ್ಯೆ ಅಲ್ಪವಾದ್ದರಿಂದ ಆ ವರದಿಗಳು ಗಣನೆಗೆ ಬರಲಿಲ್ಲ. ದೋಷದ ತೀವ್ರತೆಯನ್ನು ಪರೀಕ್ಷಕನೇ ಸೂಚಿಸುವ ಅವಕಾಶವನ್ನು ಬಳಿಕವಷ್ಟೇ ಕಲ್ಪಿಸಲಾಯಿತು. ಬಹುಸಂಖ್ಯೆಯ ಪ್ರತಿಗಳ ಪಾಠವೇ ಶುದ್ಧಪಾಠವೆಂದು ಹಿಡಿದ ಸಂಪಾದಕರನ್ನು ನಾವು ಟೀಕಿಸುತ್ತ ಬಂದಿದ್ದೇವೆ. ಇಲ್ಲಿಯೂ ನಡೆದದ್ದು ಅದೇ ತಪ್ಪು.

ಅಳಿಸುವ ಮೊದಲು ನಮೂದುಗಳ ಪ್ರತಿಯನ್ನು ತೆಗೆದಿಡುವ ಸೌಕರ್ಯವಿದೆಯಲ್ಲ ಎಂದು ಕೆಲವರು ಕೇಳಿಯಾರು. ಇದೆ. ಯಂತ್ರ ಏಳದೆ ಹೋದಾಗ ಆ ಪ್ರತಿಯೂ ಅದರೊಳಗೇ ಉಳಿದಿರುತ್ತದೆಂಬುದನ್ನು ಅವರು ಲಕ್ಷಿಸಿಲ್ಲ. ಇನ್ನು ವೇಗದ ವಿಚಾರ: ಕೆಲವು ಸಾವಿರ ನಮೂದುಗಳನ್ನು ತೆಗೆದುದರಿಂದ ಇಂದಿನ ಯಂತ್ರದಲ್ಲಿ ಕಂಡುಬರುವಂಥ ಲಾಭವುಂಟೆಂದು ನಾವು ನಂಬುವುದಿಲ್ಲ. ಗುಡಿಸುವವನಿಗೆ ಮನೆಯ ಎಲ್ಲ ಕೀಲಿಗಳನ್ನೂ ಕೊಟ್ಟಿರುತ್ತೇವೆಂಬುದು ಬೇರೆ ಮಾತು. 2017ರಲ್ಲಿ ಸಿಕ್ಲೀನರಿನ 5.33ನೆಯ ಆವೃತ್ತಿಯೊಳಗೇ ದುಷ್ಟರು ತಮ್ಮ ವಿಧಿಯನ್ನು ಸೇರಿಸಿ ಸುಮಾರು 22 ಲಕ್ಷಕ್ಕೂ ಮಿಕ್ಕಿ ಯಂತ್ರಗಳಿಗೆ ಮುಟ್ಟಿಸಿದ್ದರು.

ನಮ್ಮ ವಿಭಾಗದ ಯಂತ್ರಗಳಲ್ಲಿ ಯೂನಿಕೋಡಿಗೆ ಹಿಂದಿನ ಅಕ್ಷರಶೈಲಿಗಳಲ್ಲಿ ಟೈಪುಮಾಡಿದ ಓಲೆಪ್ರತಿಗಳ ಲಿಪ್ಯಂತರಗಳಿವೆ. ಆ ಶೈಲಿಯ ಕಡತವೂ ಅದರ ನಮೂದೂ ಇದ್ದರೆ ಅವು ಕನ್ನಡ. ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಹಲವು ವರ್ಷಗಳಿಂದ ಯಾರೂ ತೆರೆಯದ ಇಂಥ ಶೈಲಿಯನ್ನು ನಿರುಪಯುಕ್ತವೆಂದು ಬಗೆಯದೆ ಬಿಡಲು ಶುಚಿಕಾರಕಕ್ಕೆ ಕಾರಣವಿಲ್ಲ. ಆದುದರಿಂದ ಈ ಯಂತ್ರಗಳಿಗೆ ಪರೀಕ್ಷಾವೃತ್ತಿಯನ್ನಾಗಲಿ ಶುಚಿಕಾರಕವನ್ನಾಗಲಿ ಹಾಕಕೂಡದೆಂದು ಗೊತ್ತುಮಾಡಿದ್ದೇವೆ. ಹೊಸದನ್ನು ನೋಡುವ ಕುತೂಹಲವುಳ್ಳ ವಿದ್ಯಾರ್ಥಿಗಳಿಗೆ ಬೇರೆಯೇ ಒಂದು ಯಂತ್ರವಿದೆ. ಅದರಲ್ಲಿ ಉಳಿಸಬೇಕಾದುದೇನನ್ನೂ ಇಟ್ಟಿಲ್ಲ, ದಿನಚರಿ ಕಡತಗಳನ್ನು ಮಾತ್ರ ಅಳಿಸುವಂತಿಲ್ಲ.