ಒಗರಿಗೆ ಎಷ್ಟನೇ ದರ್ಜೆ?

‘ಬೂರ್ಜ್ವಾ’ ಎನ್ನುವುದು ನಮ್ಮ ವಿಮರ್ಶೆಯಲ್ಲಿ ಬಹುಪಾಲು ಬೈಗುಳ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಅದು ಬಾಟಲಿಯ ಮೇಲೆ ಅಚ್ಚಾಗುವ ಬಿರುದು. ಅಲ್ಲಿನ ಮೆಡಾಕ್ ಭಾಗದ ಒಂದು ‘ಕ್ರು ಬೂರ್ಜ್ವಾ’ ಕೆಂಪು ವೈನನ್ನು, 15 ಯೂರೋ ಒಳಗಿನದನ್ನು, ಈಚೆಗೆ ಕುಡಿದೆ. ಸಂಶೋಧನಾ ವಿದ್ಯಾರ್ಥಿಯ ಜೇಬಿಗೆ ಅದಕ್ಕಿಂತ ಮೇಲಿನದು ಎಟುಕುವುದೂ ಇಲ್ಲ. ವೈನಿಗಿಂತ ಹೆಚ್ಚು ನನ್ನನ್ನು ಕಾಡಿದ್ದು ಅದರ ಹಿಂದಿರುವ ಪಟ್ಟಿಗಳು.

1855ರಲ್ಲಿ ಪ್ಯಾರಿಸ್‌ನ ವಸ್ತುಪ್ರದರ್ಶನಕ್ಕಾಗಿ ಬೋರ್ಡೋದ ವೈನ್ ದಲ್ಲಾಳಿಗಳು ಒಂದು ಯಾದಿ ಮಾಡಿಕೊಟ್ಟರು. ಕೆಂಪು ವೈನಿಗೆ ಐದು ದರ್ಜೆ. ಇದಕ್ಕಾಗಿ ಯಾರೂ ಕೂತು ರುಚಿ ನೋಡಿ ಅಂಕ ಕೊಡಲಿಲ್ಲ. ಯಾವ ತೋಟದ ವೈನು ಎಷ್ಟು ಬೆಲೆಗೆ ಹೋಗುತ್ತಾ ಬಂದಿದೆ ಎಂಬುದೇ ಅಳತೆಗೋಲು. ಆ ಯಾದಿ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಇದೆ. ದೊಡ್ಡ ಬದಲಾವಣೆ ಎಂದರೆ 1973ರಲ್ಲಿ ಮೂತೋನ್ ರೋಥ್‌ಶೀಲ್ಡ್ ಎರಡನೇ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದು. ದರ್ಜೆ ಅಂಟಿಕೊಂಡಿರುವುದು ತೋಟದ ಹೆಸರಿಗೆ. ಒಡೆಯ ಅದೇ ಗಡಿಯೊಳಗೆ ಪಕ್ಕದ ಸಾಧಾರಣ ಜಮೀನು ಕೊಂಡರೆ ಆ ಮಣ್ಣಿಗೂ ದರ್ಜೆ ಸಿಗುತ್ತದೆ. ಹೆಸರಾದ ಲೇಖಕನ ತೀರ ಸಪ್ಪೆ ಕಾದಂಬರಿಯೂ ಪಠ್ಯವಾಗುವುದನ್ನು ಕಂಡವರಿಗೆ ಇದು ಹೊಸದೇನಲ್ಲ.

ಕ್ರು ಬೂರ್ಜ್ವಾ ಈ ಯಾದಿಯಿಂದ ಹೊರಗುಳಿದವರ ಬಿರುದು. ಅದರ ಚರಿತ್ರೆ ತುಂಬ ಜಗಳವಿದೆ, ಅದಕ್ಕೇ ನನಗೆ ಇಷ್ಟ. 2003ರ ಪಟ್ಟಿಯ ವಿರುದ್ಧ ಸ್ಥಾನ ಸಿಗದ ತೋಟದವರು ಕೋರ್ಟಿಗೆ ಹೋದರು. ತೀರ್ಪುಗಾರರಲ್ಲಿ ಕೆಲವರಿಗೆ ತೋಟಗಳಲ್ಲಿ ಸ್ವಂತ ಹಿತಾಸಕ್ತಿ ಇತ್ತೆಂದು 2007ರಲ್ಲಿ ಅದು ರದ್ದಾಯಿತು. 2020ರ ಪಟ್ಟಿಯಲ್ಲಿ ಮೂರು ಹಂತ, ಆಯಸ್ಸು ಐದೇ ವರ್ಷ. ಹೆಸರು ಮುಚ್ಚಿಟ್ಟು ರುಚಿ ನೋಡುವುದು ಕಡ್ಡಾಯ. ಮತ್ತೆ ಮತ್ತೆ ಕುಡಿದು ನೋಡಬೇಕಾದ ಇಂಥ ಪಟ್ಟಿಯನ್ನು ವಿಮರ್ಶೆ ಎನ್ನಬಹುದು. 1855ರದು ಚೌಕಟ್ಟು ಹಾಕಿಸಿದ ಬೆಲೆಪಟ್ಟಿ. (ಲೇಬಲ್ಲಿನ ‘ಅಪೆಲಾಸ್ಯೋಂ’ ಬೇರೆಯೇ ವಿಷಯ: ಅದು ಊರು, ದ್ರಾಕ್ಷಿ ತಳಿ, ಇಳುವರಿಗಳ ಕಟ್ಟಳೆ.)

ಇನ್ನು ವೈನು. ಕ್ಯಾಬರ್ನೆ ಸೋವಿನ್ಯೋನ್ ಮತ್ತು ಮರ್ಲೋ ದ್ರಾಕ್ಷಿಗಳ ಬೆರಕೆ. ಮೂಗಿಗೆ ಮೊದಲು ಕಪ್ಪು ಹಣ್ಣು, ಆಮೇಲೆ ಆಗಷ್ಟೇ ಚೂಪು ಮಾಡಿದ ಪೆನ್ಸಿಲ್. ಇಂಗ್ಲಿಷಿನಲ್ಲಿ ಬರೆಯುವವರು ಟ್ಯಾನಿನ್ ವರ್ಣಿಸಲು ರೇಷ್ಮೆ, ಮಖಮಲ್ಲು ಎಂದು ಬಟ್ಟೆಯಂಗಡಿಗೆ ಹೋಗುತ್ತಾರೆ. ನಮಗೆ ‘ಒಗರು’ ಇದೆ, ಷಡ್ರಸಗಳಲ್ಲಿ ಒಂದಾಗಿ. ನೇರಳೆಹಣ್ಣು ತಿಂದು ನಾಲಿಗೆ ದಪ್ಪಗಾದವರಿಗೆ ಮೆಡಾಕ್‌ನ ಮೊದಲ ಗುಟುಕು ಅಪರಿಚಿತವಲ್ಲ. ಈ ವೈನಿನ ಒಗರು ಮೊದಲು ಒರಟಾಗಿತ್ತು. ಬಾಟಲಿ ತೆರೆದು ಒಂದು ಗಂಟೆ ಬಿಟ್ಟು, ಹುರಿದ ಮಾಂಸದ ಜೊತೆ ಕುಡಿದಾಗ ಹದಕ್ಕೆ ಬಂತು. ನಡುವೆ ಸ್ವಲ್ಪ ತೆಳು, ರುಚಿ ಬಾಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಆದರೂ ಕೊಟ್ಟ ಕಾಸಿಗೆ ಮೋಸವಿಲ್ಲ. ಎರಡನೇ ಲೋಟ ಮೊದಲನೆಯದಕ್ಕಿಂತ ಚೆನ್ನಾಗಿತ್ತು.