ಮಾತು ಕಳಚಿದ ದೇವರನಾಮ

ಹಾಡುವುದಕ್ಕೆಂದೇ ಹುಟ್ಟಿದ ಪ್ರಾರ್ಥನೆಯನ್ನು ವಾದ್ಯಕ್ಕೆ ಅಳವಡಿಸಿದಾಗ ಮೊದಲು ಕಳಚಿಕೊಳ್ಳುವುದು ಸಾಹಿತ್ಯ. ಆ ತೆರವನ್ನು ಏನು ತುಂಬುತ್ತದೆ ಎಂಬುದು ಎಲ್ಲ ಪರಂಪರೆಗಳಲ್ಲಿಯೂ ಒಂದೇ ಅಲ್ಲ. ಆಂಟನ್ ಬ್ರುಕ್ನರ್ 1869ರಲ್ಲಿ ಆಸ್ಟ್ರಿಯಾದ ಲಿನ್ಜ್ ನಗರದ ಪ್ರಾರ್ಥನಾ ಮಂದಿರವೊಂದಕ್ಕಾಗಿ ರಚಿಸಿದ ‘ಲೋಕುಸ್ ಇಸ್ತೆ’ ಎಂಬ ಲ್ಯಾಟಿನ್ ವೃಂದಗೀತೆಯನ್ನು ಹಿತ್ತಾಳೆ ವಾದ್ಯಗಳಲ್ಲಿಯೂ ನುಡಿಸುವುದುಂಟು. ಅಲ್ಲಿ ನಾಲ್ಕು ಧ್ವನಿಗಳ ಸ್ವರಮೇಳವೇ ಕಟ್ಟಡ. ಮಾತು ಹೋದರೂ ಅದು ನಿಲ್ಲುತ್ತದೆ. ದೇವರನಾಮಕ್ಕೆ ಅಂಥ ಆಸರೆಯಿಲ್ಲ. ಅದು ರಾಗದ ಒಂಟಿ ಎಳೆ. ಸಾಹಿತ್ಯದ ಅಕ್ಷರಗಳೇ ಆ ಎಳೆಯ ಗಂಟುಗಳು.

ಕದ್ರಿ ಗೋಪಾಲನಾಥ್ (1949–2019) ಅವರ ಸಾಧನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ನಾಗಸ್ವರದ ಮನೆತನದಲ್ಲಿ ಬೆಳೆದ ಅವರು ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಸ್ಯಾಕ್ಸೊಫೋನ್ ಕೇಳಿ ಅದರತ್ತ ಹೊರಳಿದರು. 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದವರೆಗೆ ಅದನ್ನು ಕೊಂಡೊಯ್ದರು. ನಾಗಸ್ವರದಲ್ಲಿ ಬೆರಳು ರಂಧ್ರವನ್ನು ಅರ್ಧ ತೆರೆದು ಗಮಕ ಎಳೆಯಬಲ್ಲದು. ಕೀಲಿಗಳಿರುವ ಸ್ಯಾಕ್ಸೊಫೋನಿನಲ್ಲಿ ಆ ಕೆಲಸದ ಬಹುಪಾಲು ತುಟಿಗೂ ಉಸಿರಿಗೂ ಬೀಳುತ್ತದೆ. ಅಕ್ಷರದ ಹೊಡೆತವನ್ನು ನಾಲಿಗೆ ಕೊಡಬೇಕಾಗುತ್ತದೆ. ‘ವಾದ್ಯವೇ ಹಾಡಿತು’ ಎಂಬ ಮೆಚ್ಚುಗೆಯ ಹಿಂದಿರುವುದು ಈ ದುಡಿಮೆ. ಆದರೆ ನಾಲಿಗೆ ಸೂಚಿಸುವುದು ಅಕ್ಷರದ ಜಾಗವನ್ನು ಮಾತ್ರ, ಅಕ್ಷರವನ್ನಲ್ಲ. ಅದನ್ನು ತುಂಬುವವನು ಕೇಳುಗ.

ಕೇಳುಗನಿಗೆ ಆ ಅಕ್ಷರ ತಿಳಿಯದಿದ್ದರೆ? ಕಣೇಕಲ್ಲಿನಂಥ ಊರುಗಳಲ್ಲಿ ಈ ಪ್ರಶ್ನೆ ಕೇವಲ ಸೌಂದರ್ಯಶಾಸ್ತ್ರದ್ದಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆ ಹಂಚಿಹೋದಾಗ ರಾಯದುರ್ಗ, ಆಲೂರು, ಆದೋನಿ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಕನ್ನಡ ಅಲ್ಲಿ ಮನೆಮಾತಾಗಿ ಉಳಿದರೂ ಆಡಳಿತದ ಭಾಷೆ ತೆಲುಗಾಯಿತು. ಊದುವಾದ್ಯದಲ್ಲಿ ತ್ಯಾಗರಾಜರ ತೆಲುಗು ಕೃತಿಯ ಬೆನ್ನಿಗೇ ಪುರಂದರದಾಸರ ಕನ್ನಡ ಪದ ಬಂದರೆ ಎರಡರ ನಡುವೆ ಭಾಷೆಯ ಗಡಿ ಕಾಣಿಸುವುದಿಲ್ಲ. ಈ ಸಾಮರಸ್ಯ ಸುಂದರವಾದದ್ದೇ. ಆದರೆ ಪದವನ್ನು ಬಾಯಿಪಾಠವಾಗಿ ಬಲ್ಲ ಅಜ್ಜಿ ವಾದ್ಯದಲ್ಲಿ ಕನ್ನಡವನ್ನು ಕೇಳುತ್ತಾಳೆ. ತೆಲುಗು ಮಾಧ್ಯಮದಲ್ಲಷ್ಟೇ ಓದಿದ ಮೊಮ್ಮಗ ರಾಗವನ್ನು ಮಾತ್ರ ಕೇಳುತ್ತಾನೆ. ಲ್ಯಾಟಿನ್ ಇಂದು ಯಾರ ಮನೆಮಾತೂ ಅಲ್ಲ. ಅಲ್ಲಿ ಮಾತು ಕಳಚಿದರೆ ಯಾವ ಮನೆಯೂ ಬಡವಾಗುವುದಿಲ್ಲ.

ಹೀಗೆಂದು ವಾದ್ಯರೂಪವನ್ನು ದೂರುವುದು ಸರಿಯಲ್ಲ. ಸಾಹಿತ್ಯವನ್ನು ಅಳಿಸುವುದು ಅದಲ್ಲ, ಅಳಿದಿರುವುದನ್ನು ಅದು ತೋರಿಸಿಕೊಡುತ್ತದೆ ಅಷ್ಟೆ. ಅಳವಡಿಕೆಯ ವಿಮರ್ಶೆ ಇದುವರೆಗೆ ವಾದಕನ ಬೆರಳು, ಉಸಿರುಗಳನ್ನು ಅಳೆದಿದೆ. ಗಡಿನಾಡಿನಲ್ಲಿ ಅದು ಕೇಳುಗನ ನೆನಪನ್ನೂ ಅಳೆಯಬೇಕು. ಒಮ್ಮೆ ಹಾಡಿ ಆಮೇಲೆ ನುಡಿಸುವ ಸರಳ ಕ್ರಮ ಅಲ್ಲಿ ಕಛೇರಿಯ ಅಲಂಕಾರವಲ್ಲ, ಭಾಷೆಯ ಅಗತ್ಯ.